ನಮ್ಮ ಮಾವ ಮನೆ ನೋಡಿದ್ದು

ನಮ್ಮ ಮಾವ ಕರಿಬಸವಯ್ಯನವರು ಎಂಬತ್ತೆರಡು ವರ್ಷದಲ್ಲಿ ಒಂದು ದಿನವೂ ಯಾವ ಊಟವನ್ನೂ ಚೆನ್ನಾಗಿಲ್ಲ ಅಂದವರಲ್ಲ. ಇದನ್ನು ಕೇಳಿ ಎಂಥ ಸಾತ್ವಿಕರು ಎಂದು ಕೈಮುಗಿಯುವವರು ಬಹಳ ಜನ. ಅವರೆಲ್ಲ ಒಂದೇ ಒಂದು ತಿಂಗಳು ನಮ್ಮ ಮನೆಯಲ್ಲಿ ಸೊಸೆಯಾಗಿದ್ದು ನೋಡಲಿ. ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದೇನೆ ಎನ್ನುವುದು ನಾನು ಉಣ್ಣಲು ಕೂತ ಮೇಲೆಯೇ ನನಗೆ ಗೊತ್ತಾಗುವುದು. ಅಷ್ಟರಲ್ಲಿ ಅವರು ಅದೇ ಸಾರಿನಲ್ಲಿ ಮುದ್ದೆ ಮುಗಿಸಿ, ತಟ್ಟೆಗೆ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿದು, ಹಣೆಯ ವಿಭೂತಿ ಸರಿಮಾಡಿಕೊಳ್ಳುತ್ತಾ ಕೂತಿರುತ್ತಾರೆ.

"ಉಪ್ಪಿಲ್ಲ ಅಂತ ಒಂದು ಮಾತು ಹೇಳಬಾರದಾ ಮಾವ?"

"ಊಟ ಆಯ್ತಲ್ಲವ್ವ, ಬುಡು."

ಮೂವತ್ತಾರು ವರ್ಷ ಅವರು ಇದೇ ಮೈಸೂರಿನ ಒಂದು ಮಠದ ಪ್ರಸಾದ ನಿಲಯದಲ್ಲಿ ಅಡುಗೆ ಮನೆ ನೋಡಿಕೊಂಡವರು. ಹಳ್ಳಿಗಳಿಂದ ಓದಲು ಬಂದ ಮುನ್ನೂರು ಹುಡುಗರಿಗೆ ಅಲ್ಲಿ ಊಟ, ವಸತಿ ಎರಡೂ ಪುಕ್ಕಟೆ. ಅಲ್ಲಿ ಊಟವನ್ನು ಊಟ ಅನ್ನುವುದಿಲ್ಲ, ಪ್ರಸಾದ ಅನ್ನುತ್ತಾರೆ. ಅದಕ್ಕೆ ಹೆಸರಿಡುವ ಹಾಗಿಲ್ಲ, ಒಂದು ಅಗುಳು ಬಿಡುವ ಹಾಗಿಲ್ಲ. ತಟ್ಟೆ ತೊಳೆದು ಕುಡಿಯುವುದು ಅಲ್ಲಿಂದ ಬಂದದ್ದು. ಬಡಿಸುವವರು ಎದುರಿಗೆ ಬಂದು ನಿಂತರೆ ಬೇಡ ಅನ್ನಬಾರದು ಎನ್ನುವುದನ್ನು ಮಾತ್ರ ಮಠ ಹೇಳಿತ್ತೋ ಇವರೇ ಸೇರಿಸಿಕೊಂಡರೋ ನನಗೆ ಗೊತ್ತಿಲ್ಲ. ಇಂಥವರನ್ನು ಆಟೋದಲ್ಲಿ ಕೂರಿಸಿಕೊಂಡು, ವಯಸ್ಸಾದವರನ್ನು ನೋಡಿಕೊಳ್ಳುವ ಜಾಗಗಳಲ್ಲಿ ಯಾವುದು ಒಳ್ಳೆಯದು, ಯಾವುದು ಕೊಟ್ಟ ದುಡ್ಡಿಗೆ ಸರಿ ಎಂದು ತೂಗಿ ನೋಡಲು ನಾನು ಹೊರಟೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು.

ನಾನು ಗಿರಿಜಾಂಬಾ. ಸರ್ಕಾರಿ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತೆ, ನಿವೃತ್ತಿಗೆ ಇನ್ನು ಎರಡೂವರೆ ವರ್ಷ ಇದೆ. ನನ್ನ ಗಂಡ ನಿರಂಜನ್ ಇವರಿಗೆ ಒಬ್ಬನೇ ಮಗ. ಕಿಡ್ನಿ ಕೆಟ್ಟು ತೀರಿಕೊಂಡು ಹನ್ನೊಂದು ವರ್ಷವಾಯಿತು. ನಮಗೆ ಮಕ್ಕಳಾಗಲಿಲ್ಲ. ಅತ್ತೆ ಮಗನಿಗಿಂತ ಮೊದಲೇ ಹೋಗಿ ಪುಣ್ಯ ಕಟ್ಟಿಕೊಂಡರು. ಕುಂಬಾರಕೊಪ್ಪಲಿನ ಎರಡು ಕೋಣೆಯ ಮನೆಯಲ್ಲಿ ಉಳಿದದ್ದು ಮಾವ ಮತ್ತು ಸೊಸೆ. ನಿರಂಜನನ ಹೆಸರನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ. ಎತ್ತಿದರೆ ಆ ದಿನ ಇಬ್ಬರಿಗೂ ಕೆಲಸ ಸಾಗುತ್ತಿರಲಿಲ್ಲ.

ಹೋದ ವರ್ಷ ಮಾವನವರಿಗೆ ಎಡಗೈ ಎಡಗಾಲು ಸೋತವು. ಮಾತಿಗೇನೂ ತೊಂದರೆಯಾಗಲಿಲ್ಲ, ಆದರೆ ಸ್ನಾನ ಮಾಡಿಸಬೇಕು, ಎಬ್ಬಿಸಬೇಕು, ಕೂರಿಸಬೇಕು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಬೇಕು. ಬೆಳಿಗ್ಗೆ ಸ್ನಾನವಾಗದೆ ಲಿಂಗಪೂಜೆ ಇಲ್ಲ, ಪೂಜೆಯಾಗದೆ ತೊಟ್ಟು ನೀರೂ ಇಲ್ಲ. ಹೀಗಾಗಿ ನಾನು ಐದಕ್ಕೆ ಎದ್ದರೆ ಒಂಬತ್ತೂವರೆಗೆ ಕಚೇರಿಗೆ ಓಡುವವರೆಗೂ ಕೂರುವುದೇ ಇಲ್ಲ. ಜನವರಿಯಲ್ಲಿ ಒಂದು ದಿನ ಬಚ್ಚಲಲ್ಲಿ ಜಾರಿದರು. ಎತ್ತಲು ಹೋದಾಗ ನನ್ನ ಬೆನ್ನಿನಲ್ಲಿ ಏನೋ ಕಳಕ್ಕೆಂದಿತು. ಡಿಸ್ಕ್ ಜರುಗಿದೆ, ಇನ್ನು ಮೇಲೆ ತುಂಬಿದ ಕೊಡ ಕೂಡ ಎತ್ತಕೂಡದು ಎಂದರು ಡಾಕ್ಟರು. ಮಾವನವರ ತೂಕ ಅರವತ್ತೆಂಟು ಕೆಜಿ. ಹಗಲು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು ಮಗಳ ಬಾಣಂತನಕ್ಕೆಂದು ಹೋದವಳು ಫೋನ್ ಎತ್ತುವುದನ್ನೇ ಬಿಟ್ಟಳು.

ಸುಸ್ತು ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು. ನಿದ್ದೆ ಮಾಡಿದರೆ ಹೋಗುವುದು ಸುಸ್ತಲ್ಲ. ಕಚೇರಿಯಲ್ಲಿ ಅಡ್ಮಿಷನ್ ಫೈಲು ಬಿಚ್ಚಿಕೊಂಡು ಕೂತು, ಕಣ್ಣೀರು ಯಾಕೆ ಬರುತ್ತಿದೆ ಎಂದು ನನಗೇ ತಿಳಿಯದೆ ಒರೆಸಿಕೊಂಡಿದ್ದೇನೆ.

ಮಾವನವರ ತಮ್ಮನ ಮಗ ಮಹದೇವಪ್ರಸಾದ್ ಸಿದ್ಧಾರ್ಥನಗರದಲ್ಲಿದ್ದಾನೆ, ದೊಡ್ಡ ಮನೆ. ನಾನು ಜಾಗ ವಿಚಾರಿಸುತ್ತಿರುವ ವಿಷಯ ತಿಳಿದು ಫೋನ್ ಮಾಡಿದ. "ಅಲ್ಲ ಅತ್ತಿಗೆ, ದೊಡ್ಡಪ್ಪನ್ನ ವೃದ್ಧಾಶ್ರಮಕ್ಕೆ ಹಾಕ್ತೀರಂತೆ. ನಮ್ಮ ವಂಶದಲ್ಲೇ ಯಾರೂ ಹಂಗ್ ಮಾಡಿಲ್ಲ ಕಣ್ರೀ."

"ಹೌದಪ್ಪ, ತಪ್ಪೇ. ನಾಳೆ ಬೆಳಿಗ್ಗೆ ನಿಮ್ಮನೆಗೆ ಕರ್ಕೊಂಡು ಬರ್ಲಾ?" ಎಂದೆ.

ಅವನಿಗೆ ಅಷ್ಟರಲ್ಲಿ ಬೇರೆ ಯಾವುದೋ ಫೋನ್ ಬಂತು.

ಈ ಮಾತನ್ನೆಲ್ಲ ಮಾವನವರು ಒಳಗಿನಿಂದ ಕೇಳಿಸಿಕೊಂಡಿದ್ದರು. ನಾನು ಕಾಫಿ ತಂದಿಟ್ಟಾಗ ಅವರೇ ಬಾಯಿ ಬಿಟ್ಟರು. "ನಡಿಯವ್ವ, ಎಲ್ಲೆಲ್ಲವೆ ನೋಡ್ಕ ಬರಾಣ. ನಂಗೇನು ಬೇಜಾರಿಲ್ಲ." ನನಗೇ ಬೇಜಾರಿತ್ತು. ಆದರೆ ಬೇಡ ಮಾವ ಅನ್ನುವ ತಾಕತ್ತು ನನ್ನ ಬೆನ್ನಿಗೆ ಇರಲಿಲ್ಲ.

ಮೊದಲು ನೋಡಿದ್ದು ರಿಂಗ್ ರಸ್ತೆಯ ಆಚೆ, ತಿಂಗಳಿಗೆ ಹದಿನೆಂಟು ಸಾವಿರದ್ದು. ಒಂದು ಕೋಣೆಗೆ ಆರು ಮಂಚ. ಫಿನಾಯಿಲ್ ವಾಸನೆಯ ಕೆಳಗೆ ಇನ್ನೊಂದು ವಾಸನೆ. ಟಿವಿ ಜೋರಾಗಿ ಹೊಡೆದುಕೊಳ್ಳುತ್ತಿತ್ತು, ಅದರ ಕಡೆಗೆ ಒಬ್ಬರೂ ನೋಡುತ್ತಿರಲಿಲ್ಲ. ನಾನು ಒಂದು ಹಾಳೆಯಲ್ಲಿ ಕೇಳಬೇಕಾದದ್ದನ್ನೆಲ್ಲ ಬರೆದುಕೊಂಡಿದ್ದೆ: ಎಷ್ಟು ಜನಕ್ಕೆ ಒಬ್ಬರು ನೋಡಿಕೊಳ್ಳುವವರು, ಇನ್ಸುಲಿನ್ ಯಾರು ಚುಚ್ಚುತ್ತಾರೆ, ಪೂಜೆಗೆ ಅರ್ಧ ಗಂಟೆ ಯಾರೂ ಮಾತಾಡಿಸದೆ ಬಿಡುತ್ತಾರಾ. ನಾನು ಒಂದೊಂದಾಗಿ ಕೇಳುತ್ತಿದ್ದರೆ ಮಾವನವರು ಕೋಲೂರಿಕೊಂಡು ಅಲ್ಲಿನ ಮ್ಯಾನೇಜರನ್ನು ಕೇಳಿದರು:

"ಹೆಂಗಸ್ರು ಕಡೆ ಎಲ್ಲದೆ?"

"ಮೇಲ್ಗಡೆ ತಾತ. ಮೆಟ್ಲು ಹತ್ಬೇಕು, ನಿಮಗಾಗಲ್ಲ."

"ವಯಸ್ಸಾದ ಹೆಂಗಸ್ರು ಎಂಗೆ ಹತ್ತಾರು ಮತ್ತೆ?"

ಆತ ನನ್ನ ಮುಖ ನೋಡಿದ. ನಾನು ಮಾವನವರ ತೋಳು ಹಿಡಿದು ಈಚೆಗೆ ಕರೆತಂದೆ. ಆಟೋದಲ್ಲಿ ಕೂತ ಮೇಲೆ ಹೇಗಿತ್ತು ಎಂದು ಕೇಳಿದರೆ "ಚೆನ್ನಾಗದೆ" ಅಂದರು. ಅವರ ಪಾಲಿಗೆ ಅದೂ ಚೆನ್ನಾಗಿತ್ತು. ನಾನು ಹಾಳೆಯಲ್ಲಿ ಆ ಹೆಸರಿನ ಮೇಲೆ ಗೀಟು ಎಳೆದೆ.

ಎರಡನೆಯದು ದುಡ್ಡಿದ್ದ ದೊಡ್ಡವರ ಜಾಗ. ಬಾಗಿಲು ತಾನಾಗಿ ತೆರೆದುಕೊಂಡಿತು, ಒಳಗೆ ಹೋಟೆಲಿನ ಹಾಗೆ ಸೋಫಾ. ನಾನು ಬಾಯಿತಪ್ಪಿ ಆಶ್ರಮ ಅಂದೆ. ಅಲ್ಲಿನ ಮ್ಯಾನೇಜರ್ ಸುಷ್ಮಿತಾ ಎನ್ನುವ ಹುಡುಗಿ ನಗುತ್ತಲೇ ತಿದ್ದಿದಳು. "ಆಶ್ರಮ ಅಲ್ಲ ಮೇಡಂ, ಇದು ಸೀನಿಯರ್ ಲಿವಿಂಗ್." ತಿಂಗಳಿಗೆ ಐವತ್ತೆಂಟು ಸಾವಿರ, ಠೇವಣಿ ಐದು ಲಕ್ಷ. ಅಂದರೆ ನನ್ನ ಕೈಗೆ ಬರುವ ಸಂಬಳದಲ್ಲಿ ನನಗೆ ಹಾಲಿಗೂ ಉಳಿಯುವುದಿಲ್ಲ. ಆದರೆ ಬಚ್ಚಲು ಎಷ್ಟು ಚೆನ್ನಾಗಿತ್ತೆಂದರೆ, ಗೋಡೆಯುದ್ದಕ್ಕೂ ಹಾಕಿದ್ದ ಹಿಡಿಕಂಬಿಯನ್ನು ಮುಟ್ಟಿ ಮುಟ್ಟಿ ನೋಡಿದೆ. ಅದು ನಮ್ಮ ಮನೆಯಲ್ಲಿದ್ದಿದ್ದರೆ ನನ್ನ ಬೆನ್ನು ಉಳಿಯುತ್ತಿತ್ತು.

ಮಾವನವರು ಅಲ್ಲೂ ಅದನ್ನೇ ಎತ್ತಿದರು. "ಒಂಟಿ ಹೆಂಗಸ್ರು ಅವ್ರಾ ತಾಯಿ ಇಲ್ಲಿ?"

"ಇದ್ದಾರೆ ಸರ್."

"ಅವ್ರಿಗೆ ಸೈನು ಯಾರು ಹಾಕ್ಬೇಕು?"

"ಮಗನೋ ಮಗಳೋ ಗ್ಯಾರಂಟಿ ಕೊಡ್ಬೇಕು ಸರ್."

"ಅವರ್ಯಾರೂ ಇಲ್ದಿದ್ರೆ?"

"ಇಲ್ದಿದ್ರೆ ನಮ್ಮಲ್ಲಿ ಸ್ವಲ್ಪ ಕಷ್ಟ ಸರ್."

ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. ವಯಸ್ಸಾದಂತೆ ಕೆಲವರಿಗೆ ಬುದ್ಧಿ ಎಲ್ಲೆಲ್ಲೋ ಹೋಗುತ್ತದೆ ಎಂದು ಕೇಳಿದ್ದೆ. ಮೂವತ್ತು ವರ್ಷ ಸೊಸೆಯ ಮುಖವನ್ನು ನೆಟ್ಟಗೆ ನೋಡಿ ಮಾತಾಡದ ಮನುಷ್ಯ, ಈಗ ಊರಿನ ಒಂಟಿ ಹೆಂಗಸರ ವಿಚಾರಣೆಗೆ ನಿಂತಿದ್ದಾರೆ. ಮನೆಗೆ ಬಂದವಳೇ ಅಂದುಬಿಟ್ಟೆ: "ನಿಮ್ಮ ಊಟ, ನಿಮ್ಮ ಹಾಸಿಗೆ, ನಿಮ್ಮ ಇನ್ಸುಲಿನ್ ವಿಚಾರ ಒಂದು ಮಾತು ಕೇಳ್ಲಿಲ್ಲ. ಹೆಂಗಸರ ಸುದ್ದಿ ನಿಮಗ್ಯಾಕೆ ಮಾವ?" ಅವರು ಟವೆಲ್ಲು ಮಡಿಸುತ್ತಾ ಕೂತರು. ಒಂದೇ ಕೈಯಲ್ಲಿ ಮಡಿಸುವುದಕ್ಕೆ ಬಹಳ ಹೊತ್ತು ಬೇಕು.

ಮೂರನೆಯದು ಒಂಟಿಕೊಪ್ಪಲಿನ ಒಂದು ಹಳೆಯ ಮನೆ. ನರ್ಸಾಗಿದ್ದು ನಿವೃತ್ತರಾದ ಸುಮಾ ಎನ್ನುವವರು ನಡೆಸುತ್ತಿದ್ದರು. ಹದಿನಾಲ್ಕೇ ಜನ, ಗಂಡಸರು ಎಂಟು, ಹೆಂಗಸರು ಆರು. ಎಲ್ಲ ನೆಲಮಟ್ಟದಲ್ಲೇ. ಒಂದು ಮೆಟ್ಟಿಲೂ ಇಲ್ಲ. ಗೋಡೆಗೆ ಬಣ್ಣ ಬೇಕಾಗಿತ್ತು, ಕುರ್ಚಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಇಪ್ಪತ್ತೆಂಟು ಸಾವಿರ, ಔಷಧಿ ಬೇರೆ. ಸುಮಾ ಸಿಸ್ಟರ್ ಹೆಚ್ಚು ಮಾತಿನವರಲ್ಲ. ನನ್ನ ಹಾಳೆ ತೆಗೆದುಕೊಂಡು ತಾವೇ ಓದಿ, ಒಂದೊಂದಕ್ಕೂ ಪಕ್ಕದಲ್ಲಿ ಉತ್ತರ ಬರೆದುಕೊಟ್ಟರು. ಎರಡು ಕಡೆ "ನಮ್ಮಲ್ಲಿ ಇಲ್ಲ" ಎಂದು ಬರೆದಿದ್ದರು. ಅದನ್ನು ನೋಡಿಯೇ ನನಗೆ ನಂಬಿಕೆ ಬಂದದ್ದು. ಅಷ್ಟು ಹೊತ್ತು ಮಾವನವರು ಹೆಂಗಸರ ವರಾಂಡದಲ್ಲಿ ಯಾರೋ ಅಜ್ಜಿಯ ಪಕ್ಕ ಕೂತು ಮಾತಾಡುತ್ತಿದ್ದರು. ನಾನು ನೋಡಿಯೂ ನೋಡದವಳಂತಿದ್ದೆ.

ಹತ್ತು ದಿನ ಇಲ್ಲಿ ಇರಿಸಿ ನೋಡಿ, ಒಗ್ಗಿದರೆ ಮುಂದುವರಿಸಿ, ಇಲ್ಲದಿದ್ದರೆ ಕರೆದುಕೊಂಡು ಹೋಗಿ ಎಂದರು ಸಿಸ್ಟರ್. ಬಟ್ಟೆ, ಔಷಧಿ, ಪೂಜೆಯ ಸಾಮಾನು ಜೋಡಿಸಿದೆ. ನಾಲ್ಕು ಪುಟ ಬರೆದುಕೊಟ್ಟೆ. ಲಿಂಗವನ್ನು ಸ್ನಾನದ ಹೊತ್ತಿನಲ್ಲೂ ಮೈಯಿಂದ ತೆಗೆಯಬಾರದು, ಎಡಗಡೆ ಮಲಗಿಸಬಾರದು, ಬೆಲ್ಲ ಕೇಳಿದರೂ ಕೊಡಬಾರದು, ಹೀಗೆ. ದಿನಾ ಸಂಜೆ ಫೋನ್ ಬರುತ್ತಿತ್ತು. "ಅಪ್ಪಾಜಿ ಚೆನ್ನಾಗಿ ಊಟ ಮಾಡ್ತಿದ್ದಾರೆ ಮೇಡಂ. ಎಲ್ಲರಿಗಿಂತ ಚೆನ್ನಾಗಿ." ನನಗೆ ಎಷ್ಟು ಹಗುರವಾಯಿತೆಂದರೆ, ಭಾನುವಾರ ಬೆಳಿಗ್ಗೆ ಹನ್ನೊಂದರವರೆಗೆ ಮಲಗಿದ್ದೆ. ಎದ್ದಾಗ ಮನೆಯಲ್ಲಿ ಸದ್ದಿರಲಿಲ್ಲ. ಆ ನಿದ್ದೆ ನನಗೆ ಸುಖವಾಗಿತ್ತು ಎಂದು ಹೇಳಲು ಈಗಲೂ ಸಂಕೋಚ, ಆದರೆ ಸುಖವಾಗಿತ್ತು.

ಏಳನೇ ದಿನ ಮಧ್ಯಾಹ್ನ ಕಚೇರಿಗೆ ಫೋನ್ ಬಂತು. ಅಪ್ಪಾಜಿ ಮಂಕಾಗಿದ್ದಾರೆ, ಸಕ್ಕರೆ ನಾನೂರ ಹನ್ನೆರಡಿದೆ, ಡಾಕ್ಟರು ಬಂದಿದ್ದಾರೆ. ನಾನು ಹೋಗುವಷ್ಟರಲ್ಲಿ ಇನ್ಸುಲಿನ್ ಹೆಚ್ಚಿಸಿ, ಡ್ರಿಪ್ ಹಾಕಿದ್ದರು. ಕಣ್ಣು ಅರೆ ತೆರೆದಿತ್ತು. ನಾನು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಏನ್ ತಿನ್ನಿಸಿದ್ರಿ ನನ್ನ ಮಾವನಿಗೆ?" ಎಂದು ಬಡಿಸುವ ಕೆಲಸದ ಸಿದ್ದು ಎನ್ನುವವನ ಮೇಲೆ ಹರಿಹಾಯ್ದೆ. ನಲವತ್ತು ದಾಟಿದ ಮನುಷ್ಯ, ಕೈಕಟ್ಟಿಕೊಂಡು ನಿಂತಿದ್ದ.

"ಎಲ್ಲಾರಿಗೂ ಹಾಕಿದ್ದೇ ಹಾಕ್ದೆ ಮೇಡಂ. ಬೇರೆಯೋರೆಲ್ಲ ಅರ್ಧ ಬುಡ್ತಾರೆ. ಇವ್ರು ತಟ್ಟೆ ಪೂರ್ತಿ ಬಳ್ಕೊಂಡು, ತೊಳ್ದು ಕುಡೀತಿದ್ರು. ಹೊಟ್ಟೆ ತುಂಬಿಲ್ಲ ಅಂತ ಇನ್ನೊಂದ್ಸಲ ಹಾಕ್ದೆ. ಅದೂ ಅಂಗೇ ಖಾಲಿ. ಆಮೇಲೆ ಮೂರ್ನೇ ಸಲ. ಬೇಡ ಅನ್ನೋದೇ ಇಲ್ಲ ಇವ್ರು." ಅವನು ತಲೆ ಕೆಳಗೆ ಹಾಕಿದ. "ನಾವು ತಪ್ಪು ತಿಳ್ಕಂಡ್ವಿ ಮೇಡಂ. ಮನೇಲಿ ಸರಿಯಾಗಿ ಊಟಕ್ಕಾಕ್ತಿರ್ಲಿಲ್ವೇನೋ ಅನ್ಕಂಡ್ವಿ."

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಹನ್ನೊಂದು ವರ್ಷ ಅಳೆದು ಅಳೆದು ಬಡಿಸಿದವಳು ನಾನು. ಒಂದು ಮುಷ್ಟಿ ಅನ್ನ, ಕಿತ್ತಳೆ ಗಾತ್ರದ ಮುದ್ದೆ. ಅದನ್ನು ಪೂರ್ತಿ ಮುಗಿಸುತ್ತಾರೆ ಎನ್ನುವುದು ನನಗೆ ಸೂರ್ಯ ಹುಟ್ಟುತ್ತಾನೆ ಎನ್ನುವಷ್ಟು ಮಾಮೂಲು. ನಾಲ್ಕು ಪುಟ ಬರೆದವಳಿಗೆ ಅದೊಂದನ್ನು ಬರೆಯಬೇಕು ಎಂದು ಹೊಳೆಯಲಿಲ್ಲ. ನಮ್ಮ ಜನರಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ. ತಪ್ಪು ಅವನದಲ್ಲ, ನನ್ನದು. ಆದರೆ ಅದನ್ನು ಒಪ್ಪಿಕೊಳ್ಳುವ ಮೊದಲು ಸುಮಾ ಸಿಸ್ಟರ್ ಒಪ್ಪಿಕೊಂಡರು. "ದಿನಾ ಸಕ್ಕರೆ ನೋಡ್ಬೇಕಿತ್ತು, ಎರಡು ದಿನ ನೋಡಿಲ್ಲ. ಚೆನ್ನಾಗಿ ಉಣ್ತಿದ್ದಾರೆ ಅಂತ ನಾನೂ ಸುಮ್ಮನಾದೆ. ತಪ್ಪಾಯ್ತು" ಎಂದರು. ಅಡುಗೆ ಮನೆಯ ಗೋಡೆಗೆ ಆಗಲೇ ಚೀಟಿ ಅಂಟಿಸಿದ್ದರು: ಕರಿಬಸವಯ್ಯನವರಿಗೆ ಒಂದೇ ಸಲ.

ಮರುದಿನ ಮಾವನವರು ಎದ್ದು ಕೂತಿದ್ದರು. ನಾನು ರಜೆ ಹಾಕಿ ಹೋಗಿದ್ದೆ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಇಷ್ಟು ವರ್ಷದ್ದನ್ನೆಲ್ಲ ಅಂದುಬಿಟ್ಟೆ.

"ಸಾಕು ಅನ್ನೋದಕ್ಕೆ ಏನ್ ಕಷ್ಟ ನಿಮಗೆ? ಬಾಯಲ್ಲಿ ಒಂದು ಮಾತು. ಸಾಯ್ತಿದ್ರಲ್ಲ ಮಾವ."

"ಬಡ್ಸೋ ಕೈಗೆ ಬ್ಯಾಡ ಅನ್ನಾದೆಂಗವ್ವ."

"ಎಂಗೋ ಅನ್ನಿ. ನಡೀರಿ, ಮನೆಗೆ ಹೋಗೋಣ. ಬೇರೆ ಕಡೆ ನೋಡ್ತೀನಿ. ಸಾಲ ಮಾಡಿಯಾದ್ರೂ ಆ ದೊಡ್ಡ ಕಡೆಗೇ ಸೇರಿಸ್ತೀನಿ."

"ಬ್ಯಾಡ."

ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಮೂವತ್ತು ವರ್ಷದಲ್ಲಿ ಅವರು ಏನನ್ನಾದರೂ ಬೇಡ ಅಂದದ್ದನ್ನು ನಾನು ಕೇಳಿರಲಿಲ್ಲ.

"ಆ ದೊಡ್ಡ ಕಡೆ ಬ್ಯಾಡ. ಅಲ್ಲಿ ಮಗನೋ ಮಗಳೋ ಸೈನು ಹಾಕ್ಬೇಕಂತೆ. ನಿಂಗ್ಯಾರವ್ರೆ?"

"ನನಗ್ಯಾಕೆ? ಸೇರೋದು ನೀವು. ಸೈನ್ ನಾನು ಹಾಕ್ತೀನಿ."

ಅವರು ನನ್ನನ್ನು ನೋಡಲಿಲ್ಲ. ಸೋತ ಎಡಗೈಯನ್ನು ಬಲಗೈಯಲ್ಲಿ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. "ನಂದೇನವ್ವ. ಎಲ್ಲಾದ್ರೂ ಆಯ್ತದೆ, ಎಷ್ಟು ದಿನ. ನಾನು ನೋಡ್ತಿದ್ದದ್ದು ನಿಂಗೆ. ಮೊದ್ಲು ನೋಡುದ್ವಲ್ಲ, ಅಲ್ಲಿ ಹೆಂಗಸ್ರು ಮೆಟ್ಲು ಹತ್ಬೇಕು. ನಿನ್ ಬೆನ್ನಿಗೆ ಆಗಾಕಿಲ್ಲ. ಎರಡ್ನೇ ಕಡೆ ಸೈನು. ಇಲ್ಲಿ ಆ ವರಾಂಡದಲ್ಲಿ ಕೂತವ್ರಲ್ಲ ಎರಡು ಜನ, ಅವ್ರಿಗೆ ಹಿಂದಿಲ್ಲ ಮುಂದಿಲ್ಲ. ಆದ್ರೂ ಇಟ್ಕಂಡವ್ರೆ. ಬಿಸಿನೀರು ಕೇಳುದ್ರೆ ಕೊಡ್ತಾರಂತೆ. ನಾನು ಕೇಳ್ಕಂಡೆ."

ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.

"ತಪ್ಪು ಮಾಡುದ್ರು, ಹೌದು. ಮಾಡಿದ್ನ ಒಪ್ಕಂಡ್ರಲ್ಲ. ನೀನು ಕೇಳೋದ್ಕೂ ಮುಂಚೆ ಒಪ್ಕಂಡ್ರು. ನಿನ್ ಪರವಾಗಿ ಕೇಳೋಕೆ ಯಾರೂ ಇರಲ್ಲ ಕಣವ್ವ. ಅಂಥ ಕಡೆಯೇ ನಿಂಗೆ ಬೇಕು." ಉಸಿರು ತೆಗೆದುಕೊಂಡು ಮತ್ತೆ ಹೇಳಿದರು. "ನಾನು ಇಲ್ಲಿ ಇದ್ರೆ ನೀನು ವಾರ ವಾರ ಬತ್ತೀಯ. ಬತ್ತಾ ಹೋಗ್ತಾ ಇವ್ರಿಗೆ ನಿನ್ನ ಗುರ್ತಾಯ್ತದೆ. ಗುರ್ತಿರೋರ್ನ ಚೆನ್ನಾಗಿ ನೋಡ್ಕತಾರೆ."

ಕುಂಬಾರಕೊಪ್ಪಲಿನ ಮನೆಯಲ್ಲಿ ರಾತ್ರಿ ಹಗಲು ಅವರ ಮುಂದಿನ ಗತಿಯೇನು ಎಂದು ನಾನು ಚಿಂತೆ ಮಾಡುತ್ತಿದ್ದೆ. ನನ್ನ ಮುಂದಿನದನ್ನು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಯೋಚಿಸಲು ಹೆದರಿಕೆ ಎಂದರೆ ಸರಿ. ಅದನ್ನು ಇವರು ಒಂದು ಕೈ ಒಂದು ಕಾಲಿನಲ್ಲಿ, ನನ್ನ ಬೈಗುಳ ತಿಂದುಕೊಂಡು, ಮೂರು ಕಡೆ ವಿಚಾರಿಸಿಕೊಂಡು ಬಂದಿದ್ದರು. ನಾನು ಅವರ ಎದುರಿಗೇ ಅತ್ತೆ. ಸಿಟ್ಟಿಗೂ ಅತ್ತೆ, ಪ್ರೀತಿಗೂ ಅತ್ತೆ. ನನಗೆ ಯಾರೂ ಇಲ್ಲ ಎನ್ನುವುದನ್ನು ಇಷ್ಟು ಸರಳವಾಗಿ ಯಾರೂ ನನಗೆ ಹೇಳಿರಲಿಲ್ಲ. ಅವರು ಟವೆಲ್ಲನ್ನು ನನ್ನ ಕಡೆಗೆ ಸರಿಸಿ, ಕಿಟಕಿಯ ಕಡೆ ತಿರುಗಿದರು.

ಅವತ್ತೇ ಸಂಜೆ ಒಪ್ಪಂದದ ಕಾಗದಕ್ಕೆ ಸಹಿ ಹಾಕಿದೆ. ಇಪ್ಪತ್ತೆಂಟು ಸಾವಿರ ನನಗೆ ಹಗುರದ ಮಾತಲ್ಲ. ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಈಗ ಪ್ರತಿ ಭಾನುವಾರ ಹೋಗುತ್ತೇನೆ. ಮಾವನವರು ನನ್ನನ್ನು ತಮ್ಮ ಪಕ್ಕ ಕೂರಲು ಬಿಡುವುದಿಲ್ಲ. ಕೋಲೂರಿಕೊಂಡು ಎದ್ದು, ಸಿದ್ದುವಿನ ಹತ್ತಿರ, ಬಟ್ಟೆ ಒಗೆಯುವವಳ ಹತ್ತಿರ, ವರಾಂಡದ ಅಜ್ಜಿಯರ ಹತ್ತಿರ ಒಂದು ಸುತ್ತು ಕರೆದುಕೊಂಡು ಹೋಗುತ್ತಾರೆ. ನನಗೆ ಕಾಲು ಸೋತಿರುತ್ತದೆ, ಆದರೂ ಹಿಂದೆ ಹಿಂದೆ ಹೋಗುತ್ತೇನೆ.

ಹೋದ ವಾರ ಅಡುಗೆ ಮನೆಗೆ ಹೊಸಬಳು ಬಂದಿದ್ದಳು. ಒಲೆಯ ಮುಂದೆ ನಿಂತು ಹುರುಳಿಕಾಯಿ ಹೆಚ್ಚುತ್ತಿದ್ದಳು. ಮಾವನವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು.

"ಇವ್ಳು ಗಿರಿಜಾಂಬಾ, ನಮ್ಮ ಸೊಸೆ. ಖಾರ ಆಗಾಕಿಲ್ಲ ಇವ್ಳಿಗೆ. ಬದ್ನೆಕಾಯಿ ತಿಂದ್ರೆ ಮೈಯೆಲ್ಲ ನವೆ ಬತ್ತದೆ. ನೆಪ್ಪಿಟ್ಕಳವ್ವ."

ಅವಳು ಚಾಕು ಕೆಳಗಿಟ್ಟು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಯಾವಾಗ ಬತ್ತಾರೆ ಇವ್ರು?" ಎಂದು ಅವರನ್ನೇ ಕೇಳಿದಳು.

"ಇನ್ನೂ ಟೈಮದೆ. ಸರ್ವೀಸದೆ ಇನ್ನೂ."

ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅವಳ ಹೆಸರೇನು ಎಂದು ಕೇಳಿದೆ.